ಕಾಲರ್ ಲೈನ್‌ನಿಂದ ಬಂದ ಮೆಮೊ: ಥೈರಾಯ್ಡ್ ಇದ್ದ ಟೈಲರ್ ಒಬ್ಬರ ಎಂಟು ತಿಂಗಳು

2022ರ ಏಪ್ರಿಲ್ ಎರಡನೇ ವಾರ ನನ್ನ ಮೇಜಿಗೆ ಒಂದು ಮೆಮೊ ಬಂತು. ಕಾಲರ್ ಕೂರಿಸುವ ಆಪರೇಷನ್‌ನಲ್ಲಿ ಗಂಟೆಗೆ 60 ಪೀಸ್ ಕೊಡಬೇಕಾದವರು 42 ಕೊಡುತ್ತಿದ್ದಾರೆ, ಆಗಾಗ ಮಷಿನ್ ಬಿಟ್ಟು ಎದ್ದು ಹೋಗುತ್ತಾರೆ, ಹೇಳಿದ್ದು ಕೇಳಿಸಿಕೊಳ್ಳುವುದಿಲ್ಲ, ಕೆಲಸದಲ್ಲಿ ನಿರ್ಲಕ್ಷ್ಯ ಎಂದು ಬರೆದಿತ್ತು. ಕೆಳಗೆ ಆ ಟೈಲರ್ ಹೆಂಗಸಿನ ಸಹಿ. ಪಕ್ಕದಲ್ಲಿ ಸಾಕ್ಷಿ ಎಂದು ಹಾಕಿದ ಸಹಿ ನನ್ನದು.

ಆಗ ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಈ ಹುದ್ದೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಆಕೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸಿನಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 41 ವರ್ಷ. ರಾಮನಗರದ ಆಚೆಯ ಒಂದು ಹಳ್ಳಿ. ಹೆಲ್ಪರ್ ಆಗಿ ಸೇರಿ, ಊಟದ ಬಿಡುವಿನಲ್ಲಿ ಖಾಲಿ ಮಷಿನ್ ಮೇಲೆ ಕೂತು ಹೊಲಿಗೆ ಕಲಿತು, 14 ವರ್ಷದಲ್ಲಿ ಎ ಗ್ರೇಡ್ ಟೈಲರ್ ಆದವರು. ಷರ್ಟಿನಲ್ಲಿ ಕಾಲರ್ ಕೂರಿಸುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಎರಡು ತುದಿ ಕೂದಲೆಳೆಯಷ್ಟು ಏರುಪೇರಾದರೂ ಚೆಕಿಂಗ್‌ನಿಂದ ಪೀಸ್ ಆಲ್ಟರ್‌ಗೆ, ಎಂದರೆ ಸರಿಪಡಿಸಲು, ವಾಪಸು ಬರುತ್ತದೆ. ಆಕೆಯ ಪೀಸ್ ವಾಪಸು ಬರುತ್ತಿರಲಿಲ್ಲ. ಅಂಥವರ ಮೇಲೆ ಮೆಮೊ ಬಂದಾಗ ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ, ಹದಿನಾಲ್ಕು ವರ್ಷ ಇಲ್ಲದ್ದು ಈಗೇನಾಯಿತು ಎಂಬುದು. ಕೇಳಲಿಲ್ಲ. ಆ ವಾರ ಶಿಪ್‌ಮೆಂಟ್ ಇತ್ತು, ಸಹಿ ಹಾಕಿದೆ.

ಕೇಳಿದ್ದು ಸಿಕ್ ರೂಮ್‌ನ ಸಿಸ್ಟರ್. ತಲೆನೋವಿಗೆ ಮಾತ್ರೆ ಬೇಡಿಕೊಂಡು ಆಕೆ ಅಲ್ಲಿಗೆ ಹೋಗಿದ್ದರು. ಏಪ್ರಿಲ್ ಬಿಸಿಲಿಗೆ ಫ್ಲೋರ್‌ನಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ಈಕೆ ಏಪ್ರನ್ ಒಳಗೆ ಸ್ವೆಟರ್ ಹಾಕಿದ್ದರು. "ಅಕ್ಕಾ, ಚಳಿಯಾಗ್ತಿದೆಯಾ?" ಎಂದು ಸಿಸ್ಟರ್ ಕೇಳಿದ್ದಕ್ಕೆ, "ತಲೆ ಮೇಲೇ ಕೂಲರ್ ಗಾಳಿ ಬತ್ತದೆ ಸಿಸ್ಟರ್, ಮೂಳೆಗೆ ಹೋಯ್ತದೆ" ಎಂದರಂತೆ. ಆ ದನಿಯೇ ಸಿಸ್ಟರ್‌ಗೆ ಅನುಮಾನ ಹುಟ್ಟಿಸಿತು. ಗೊಗ್ಗರು ದನಿ, ಊದಿದ ಕಣ್ಣ ರೆಪ್ಪೆ, ಒಣಗಿದ ಮೊಣಕೈ. ಕೂರಿಸಿಕೊಂಡು ಕೇಳಿದಾಗ ಒಂದೊಂದೇ ಹೊರಬಂತು: ತಿಂಗಳಿಗೆ ಒಂಬತ್ತು ಹತ್ತು ದಿನ ಮುಟ್ಟು, ಮಲಬದ್ಧತೆ, ಬಾಚಣಿಗೆ ತುಂಬ ಕೂದಲು. ಎಂಟು ಗಂಟೆ ಮಲಗಿದರೂ ಏಳುವಾಗ ಮೈ ಭಾರ.

ಮತ್ತೆ ಕೈ. "ನಡುರಾತ್ರಿ ಜೋಮು ಹಿಡಿದು ಎಚ್ಚರ ಆಯ್ತದೆ. ಎದ್ದು ಕೂತ್ಕಂಡು ಕೈ ಒದರ್ತೀನಿ." ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು, ಕಿರುಬೆರಳು ಮಾತ್ರ ಸರಿ ಇದೆ ಎಂದರು. ಥೈರಾಯ್ಡ್ ಹಾರ್ಮೋನ್ ತೀರ ಕಡಿಮೆಯಾದಾಗ ಮಣಿಕಟ್ಟಿನ ಒಳಗಿನ ಇಕ್ಕಟ್ಟಾದ ದಾರಿಯಲ್ಲಿ ಊತ ಬಂದು, ಅಲ್ಲಿ ಹಾಯುವ ನರ ಅದುಮಿಕೊಳ್ಳುವುದುಂಟು. ಆ ನರ ಹೋಗುವುದು ಇದೇ ಬೆರಳುಗಳಿಗೆ, ಕಿರುಬೆರಳಿಗಲ್ಲ. ಕಾಲರ್ ತುದಿಯನ್ನು ಹಿಡಿದು, ಮಷಿನ್‌ನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಕೆಳಗೆ ತಳ್ಳುವುದೂ ಇವೇ ಬೆರಳು. ಬಟ್ಟೆ ಬೆರಳಿಗೆ ತಿಳಿಯದಿದ್ದರೆ ಯಾವ ಟೈಲರ್ 60 ಪೀಸ್ ಕೊಟ್ಟಾರು? ಮೆಮೊದಲ್ಲಿ ಇದ್ದದ್ದೆಲ್ಲ ರೋಗದ ಲಕ್ಷಣವೇ. ಆಗಾಗ ಎದ್ದು ಹೋಗುತ್ತಿದ್ದದ್ದು ಮುಟ್ಟಿನ ಬಟ್ಟೆ ಬದಲಿಸಿಕೊಳ್ಳಲು. ಹೇಳಿದ್ದು ಕೇಳಿಸಿಕೊಳ್ಳುವುದಿಲ್ಲ ಎಂದದ್ದು, ಮನಸ್ಸು ನಿಧಾನವಾಗಿ ಮರುತ್ತರ ತಡವಾಗುತ್ತಿದ್ದದ್ದು.

ಸಿಸ್ಟರ್ ಚೀಟಿ ಬರೆದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಗೆ ಕಳಿಸಿದರು. ಮೇ ತಿಂಗಳಲ್ಲಿ ರಿಪೋರ್ಟ್ ಬಂತು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ರಕ್ತದಲ್ಲಿ ಏರುವ ಟಿಎಸ್‌ಎಚ್ 62. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿ ಇರಬೇಕಾದದ್ದು. ಹಿಮೋಗ್ಲೋಬಿನ್ 8.6, ಎಂದರೆ ರಕ್ತವೂ ಕಡಿಮೆ. ಡಾಕ್ಟರ್ 50 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ ಬರೆದು, 12 ದಿನ ರಜೆಯ ಸರ್ಟಿಫಿಕೇಟ್ ಕೊಟ್ಟರು. ಆಕೆಯ ಸಂಬಳ 12,400 ರೂಪಾಯಿ. ಇಎಸ್‌ಐಗೆ ಅದರಲ್ಲಿ ತಿಂಗಳಿಗೆ 93 ರೂಪಾಯಿ ಮುರಿಯುತ್ತಿತ್ತು, ನೂರಕ್ಕೆ 75 ಪೈಸೆಯ ಲೆಕ್ಕ. ಹದಿನಾಲ್ಕು ವರ್ಷ ಪ್ರತಿ ತಿಂಗಳು ದುಡ್ಡು ಕಟ್ಟಿದವರಿಗೆ, ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು ಕೈಗೆ ಬರುತ್ತದೆ, ವರ್ಷಕ್ಕೆ 91 ದಿನದವರೆಗೂ ಬರುತ್ತದೆ ಎಂಬುದು ಗೊತ್ತೇ ಇರಲಿಲ್ಲ. ಮೊದಲ ಎರಡು ದಿನ ಬಿಟ್ಟು ಹತ್ತು ದಿನಕ್ಕೆ ಸುಮಾರು 3,300 ರೂಪಾಯಿ ಬ್ಯಾಂಕಿಗೆ ಬಂದಾಗ, ಯಾರದೋ ದುಡ್ಡು ತಪ್ಪಿ ಬಂದಿರಬೇಕು ಎಂದು ಗಾಬರಿಯಾಗಿ ನನಗೆ ಪಾಸ್‌ಬುಕ್ ತೋರಿಸಲು ಬಂದಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜುಲೈ ಮೊದಲ ವಾರ ಮತ್ತೆ ರಕ್ತ ಕೊಟ್ಟಾಗ ಟಿಎಸ್‌ಎಚ್ 41. ಇಳಿದಿತ್ತು, ಆದರೆ ಏಳೆಂಟು ವಾರ ಮಾತ್ರೆ ನುಂಗಿದ್ದಕ್ಕೆ ಆ ಇಳಿತ ಏನೂ ಸಾಲದು. ಡಾಕ್ಟರ್ ಮಾತ್ರೆಯನ್ನು ಎರಡರಷ್ಟು ಮಾಡುವ ಯೋಚನೆಯಲ್ಲಿದ್ದಾರೆ ಎಂದು ಆಕೆ ಹೇಳಿದರು. ಲೈನ್‌ನಲ್ಲಿ ಪೀಸ್ 45ರ ಮೇಲೆ ಏರಿರಲಿಲ್ಲ. ಸೂಪರ್‌ವೈಸರ್ ಎರಡನೇ ಮೆಮೊ ಬರೆದಿಟ್ಟಿದ್ದ.

ಆ ದಿನ ನಾನೂ ಸಿಸ್ಟರೂ ಕೂತು, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಗಂಟೆ ಸಮೇತ ಹೇಳಿ ಎಂದೆವು. ನಾಲ್ಕೂವರೆಗೆ ಏಳುವುದು. ಒಲೆ ಹಚ್ಚಿ ಕಾಫಿ. "ಕಾಫಿ ಕುಡೀತಾ ಎರಡೂ ಮಾತ್ರೆ ನುಂಗ್ತೀನಿ, ಬಿಳೀದೂ ಕೆಂಪುದೂ." ಆಮೇಲೆ ಮಗಳಿಗೆ ಬುತ್ತಿ, ಸಾರು, ಮುದ್ದೆ. ಆರೂ ನಲವತ್ತಕ್ಕೆ ಟೆಂಪೊ. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂದಿರಲಿಲ್ಲವೇ ಎಂದು ಸಿಸ್ಟರ್ ಕೇಳಿದರು. "ಖಾಲಿ ಹೊಟ್ಟೇಲೇ ಅಲ್ವಾ ಸಿಸ್ಟರ್? ಕಾಫಿ ಏನ್ ಊಟವಾ?"

ಆಕೆಯ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ಕಾಫಿಯನ್ನು ತಿಂಡಿ ಎನ್ನುತ್ತಾರೆ? ಹೇಳುವವರು "ಬರೀ ನೀರಿನಲ್ಲಿ" ಎಂದು ಹೇಳಬೇಕಿತ್ತು. ಥೈರಾಕ್ಸಿನ್ ಮೈಗೆ ಹತ್ತುವುದನ್ನು ಕಾಫಿ ತಡೆಯುತ್ತದೆ. ಕಬ್ಬಿಣದ ಮಾತ್ರೆ ಇನ್ನೂ ಕೆಟ್ಟದ್ದು. ಹೊಟ್ಟೆಯೊಳಗೆ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರೆಯೂ ಹಾಗೆಯೇ. ಇವಕ್ಕೂ ಥೈರಾಕ್ಸಿನ್‌ಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು. ರಕ್ತ ಕಡಿಮೆಯಾದದ್ದು ಥೈರಾಯ್ಡ್‌ನಿಂದ ಮುಟ್ಟು ಹೆಚ್ಚಾಗಿ, ಅದಕ್ಕೆಂದು ಕೊಟ್ಟ ಮಾತ್ರೆಯೇ ಥೈರಾಯ್ಡ್ ಮಾತ್ರೆಗೆ ಅಡ್ಡ ನಿಂತಿತ್ತು. ಎರಡು ತಿಂಗಳು ಆಕೆ ಒಂದು ದಿನವೂ ತಪ್ಪಿಸದೆ ನುಂಗಿದ ಮಾತ್ರೆಯ ಬಹುಪಾಲು ದಂಡವಾಗಿತ್ತು.

ಹೊಸ ವೇಳೆ ಹೀಗೆ ಗೊತ್ತಾಯಿತು: ನಾಲ್ಕೂವರೆಗೆ ಎದ್ದ ಕೂಡಲೇ ನೀರಿನ ಜೊತೆ ಥೈರಾಯ್ಡ್ ಮಾತ್ರೆ, ಅಡುಗೆ ಮುಕ್ಕಾಲು ಭಾಗ ಮುಗಿದ ಮೇಲೆ ಐದೂವರೆಗೆ ಕಾಫಿ, ಕಬ್ಬಿಣದ ಮಾತ್ರೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟ ಆದ ಮೇಲೆ. ಕಾರ್ಖಾನೆಯೊಳಗೆ ಮಾತ್ರೆ ತರಲು ಗೇಟಿನಲ್ಲಿ ಸೆಕ್ಯುರಿಟಿ ಬಿಡುವುದಿಲ್ಲ, ಆದ್ದರಿಂದ ಡಬ್ಬಿಯನ್ನು ಸಿಕ್ ರೂಮ್‌ನಲ್ಲೇ ಇಟ್ಟೆವು. ಇದನ್ನೆಲ್ಲ ಡಾಕ್ಟರ್‌ಗೆ ಬರೆದು ಕಳಿಸಿದಾಗ ಅವರು ಡೋಸ್ ಏರಿಸದೆ 50ರಲ್ಲೇ ಮುಂದುವರಿಸಿ, ಸೆಪ್ಟೆಂಬರ್‌ನಲ್ಲಿ ಮತ್ತೆ ನೋಡೋಣ ಎಂದರು. ಊರಿನವರು ಆಕೆಗೆ ಎಲೆಕೋಸು ಬಿಡು, ಉಪ್ಪು ಬದಲಿಸು ಎಂದು ದಿನಕ್ಕೊಂದು ಹೇಳುತ್ತಿದ್ದರು. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಗಡಿಯಾರ ನೋಡಿ ಮಾತ್ರೆ ತಗೊಳ್ಳಿ ಎಂದಷ್ಟೇ ಸಿಸ್ಟರ್ ಹೇಳಿದ್ದು.

ಈ ಪ್ರಕರಣದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇಲ್ಲಿಂದ ಶುರು. ಥೈರಾಕ್ಸಿನ್ ನಿಧಾನದ ಔಷಧಿ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಒಂದು ವಾರ ಬೇಕು, ಅದೇ ಲೆಕ್ಕದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ. ಅದಕ್ಕೇ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ ಮಾಡುವುದು. ಇವತ್ತು ಮಾತ್ರೆ ಸರಿಯಾಗಿ ತೆಗೆದುಕೊಂಡರೂ ನಾಳೆ 60 ಪೀಸ್ ಬರುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ನಡೆಯುವುದು ಗಂಟೆಯಲ್ಲಿ, ಗಂಟೆ ಗಂಟೆಗೂ ಬೋರ್ಡಿನ ಮೇಲೆ ಸಂಖ್ಯೆ ಬರೆಯುತ್ತಾರೆ. ಎಂಟು ವಾರದ ಲೆಕ್ಕದ ಮೈಯನ್ನು ಗಂಟೆಯ ಲೆಕ್ಕದ ಬೋರ್ಡಿನ ಮುಂದೆ ಕೂರಿಸಿದ್ದೆವು. ಮ್ಯಾನೇಜ್‌ಮೆಂಟ್ ಹತ್ತಿರ ಕೇಳಬೇಕಾಗಿದ್ದದ್ದು ಆ ಎಂಟು ವಾರ.

ಕೇಳುವುದಕ್ಕೆ ಕಾನೂನಿನ ಆಸರೆ ಏನಿದೆ ಎಂದು ಹುಡುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡುವ ಮಾತಿದೆ. ಆದರೆ ಅದರ 21 ಬಗೆಯ ಪಟ್ಟಿಯಲ್ಲಿ ಥೈರಾಯ್ಡ್ ಇಲ್ಲ. ಇಂಥ ಕಾಯಿಲೆಯವರಿಗೆ ಕೆಲಸ ಹಗುರ ಮಾಡಿಕೊಡಿ ಎಂದು ಖಾಸಗಿ ಕಾರ್ಖಾನೆಗೆ ನೇರವಾಗಿ ಹೇಳುವ ಕಾಯ್ದೆ ನನಗೆ ಸಿಗಲಿಲ್ಲ. ಸಿಕ್ಕಿದ ಗಟ್ಟಿ ಹಿಡಿ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್. ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ, ಕೆಳಗಿಳಿಸುವಂತಿಲ್ಲ, ದಂಡಿಸುವಂತಿಲ್ಲ ಎಂದು ಅದು ಹೇಳುತ್ತಿತ್ತು. ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿರುವಾಗಲೂ, ನಿಯಮಗಳು ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಹಾಗೆಯೇ. ಎರಡನೇ ಮೆಮೊ ತಡೆಯಲು ಇದು ಸಾಕಾಯಿತು. (2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ಅರ್ಜಿ ಬರೆಯುವವರು ಈ ರಕ್ಷಣೆ ಸಂಹಿತೆಯಲ್ಲಿ ಹೇಗಿದೆ ಎಂದು ನೋಡಿಕೊಂಡು ಬರೆಯಬೇಕು.) ದಂಡನೆ ತಪ್ಪಿಸುವುದು ಬೇರೆ, ಕೆಲಸ ಮಾಡಿಕೊಂಡು ಹೋಗುವಂತೆ ದಾರಿ ಮಾಡಿಕೊಡುವುದು ಬೇರೆ. ಎರಡನೆಯದನ್ನು ಮಾತಾಡಿಯೇ ಪಡೆಯಬೇಕಿತ್ತು.

ಮೊದಲ ಸಲ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ನಾನು ಬಾಯಿಮಾತಿನಲ್ಲಿ ಹೋದೆ. "ಸರ್, ಅವರಿಗೆ ಥೈರಾಯ್ಡ್, ಸ್ವಲ್ಪ ಅಡ್ಜಸ್ಟ್ ಮಾಡಬೇಕು." ಅವರು ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ ಹೇಳಿದರು: "ಮೇಡಂ, ಥೈರಾಯ್ಡ್ ಯಾರಿಗಿಲ್ಲ? ನಮ್ಮ ಮನೆಯವರಿಗೂ ಇದೆ. ದಿನಾ ಮಾತ್ರೆ ತಗೋತಾರೆ, ಆರಾಮಾಗಿದ್ದಾರೆ."

ಈ ಕಾಯಿಲೆಯ ದೊಡ್ಡ ಕಷ್ಟ ಇದೇ. ಕ್ಯಾನ್ಸರ್ ಎಂದರೆ ಎದ್ದು ನಿಲ್ಲುತ್ತಾರೆ, ಸಕ್ಕರೆ ಕಾಯಿಲೆ ಎಂದರೆ ಊಟದ ವೇಳೆ ಕೇಳುತ್ತಾರೆ. ಥೈರಾಯ್ಡ್ ಎಂದರೆ ಮನೆ ಮನೆಯಲ್ಲೂ ಇರುವುದರಿಂದ ಯಾರೂ ನಂಬುವುದಿಲ್ಲ. ಮಾತ್ರೆ ಹಿಡಿದು ನೆಟ್ಟಗಾದವರನ್ನು ಎಲ್ಲರೂ ನೋಡಿರುತ್ತಾರೆ. ನೆಟ್ಟಗಾಗುವ ಮುಂಚಿನ ತಿಂಗಳುಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಾನು ಕೇಳಿದೆ, "ಮನೆಯವರ ಟಿಎಸ್‌ಎಚ್ ಎಷ್ಟಿದೆ ಸರ್?" ಗೊತ್ತಿಲ್ಲ ಎಂದರು. ಮಾರನೇ ದಿನ ಅವರೇ ಸಿಕ್ ರೂಮ್ ಹತ್ತಿರ ಬಂದು, "2.8 ಅಂತೆ. ಇವರದು?" ಎಂದರು. ನಾನು ಆಕೆಯ ಕಡೆ ನೋಡಿದೆ. ತಲೆಯಾಡಿಸಿದರು. 41 ಎಂದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, "ಬರೆದುಕೊಡಿ, ನೋಡೋಣ" ಎಂದರು.

ಆಕೆಯ ಒಪ್ಪಿಗೆ ಕೇಳಿದ್ದಕ್ಕೆ ಕಾರಣವಿತ್ತು. "ಲೈನ್‌ನಾಗೆ ಹೇಳ್ಬೇಡಿ ಮೇಡಂ. ಮಗಳಿಗೆ ಗಂಡು ನೋಡ್ತಾವ್ರೆ. ತಾಯಿಗೆ ಥೈರಾಯ್ಡ್ ಇದ್ರೆ ಮಗಳಿಗೂ ಬತ್ತದೆ, ಮಕ್ಕಳಾಗಲ್ಲ ಅಂತ ಮಾತಾಡ್ತಾರೆ." ಆ ಟೆಂಪೊದಲ್ಲಿ ಬರುವವರೆಲ್ಲ ಸುತ್ತಲಿನ ನಾಲ್ಕು ಹಳ್ಳಿಯವರು. ಆದ್ದರಿಂದ ಅರ್ಜಿಯಲ್ಲಿ ಕಾಯಿಲೆಯ ಹೆಸರು ಹಾಕಲಿಲ್ಲ. ರಿಪೋರ್ಟ್ ಸಿಸ್ಟರ್ ಬೀರುವಿನಲ್ಲಿ ಉಳಿಯಿತು, ಅದನ್ನು ನೋಡುವ ಅಧಿಕಾರ ಕಾರ್ಖಾನೆಯ ಡಾಕ್ಟರ್‌ಗೆ ಮಾತ್ರ. ಅರ್ಜಿ ಹೀಗಿತ್ತು:

"ನಾನು ಇಎಸ್‌ಐ ಡಾಕ್ಟರ್ ಹತ್ತಿರ ಚಿಕಿತ್ಸೆ ಪಡೆಯುತ್ತಿದ್ದೇನೆ. ದಾಖಲೆ ಸಿಕ್ ರೂಮ್‌ನಲ್ಲಿದೆ. 2022ರ ಜುಲೈ 18ರಿಂದ ಸೆಪ್ಟೆಂಬರ್ 10ರವರೆಗೆ ನನ್ನನ್ನು ಕಾಲರ್ ಬದಲು ಬೇರೆ ಆಪರೇಷನ್‌ಗೆ ಹಾಕಬೇಕು, ಗ್ರೇಡ್ ಮತ್ತು ಸಂಬಳ ಕಡಿಮೆ ಮಾಡಬಾರದು. ಕೂಲರ್ ಗಾಳಿ ನೇರ ಬೀಳದ ಕಡೆ ಮಷಿನ್ ಕೊಡಬೇಕು. ಟಾಯ್ಲೆಟ್‌ಗೆ ಹೋಗಲು ಟೋಕನ್‌ಗೆ ಕಾಯಿಸಬಾರದು. ಈ ಅವಧಿಯಲ್ಲಿ ಓಟಿ ಬೇಡ. ಆಸ್ಪತ್ರೆಗೆ ಹೋಗುವ ದಿನವನ್ನು ಗೈರುಹಾಜರಿ ಎಂದು ಹಿಡಿದು ಅಟೆಂಡೆನ್ಸ್ ಬೋನಸ್ ಕತ್ತರಿಸಬಾರದು. ಸೆಪ್ಟೆಂಬರ್ ಎರಡನೇ ವಾರ ರಕ್ತ ಪರೀಕ್ಷೆ ಆದ ಮೇಲೆ ಮತ್ತೆ ಕೂತು ಮಾತಾಡೋಣ."

"ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದಾಗ ಮುಖ ಕೊಡದಿದ್ದವರು ಈ ಕಾಗದವನ್ನು ಮುಂದಿಟ್ಟುಕೊಂಡು ಒಂದು ಗಂಟೆ ಕೂತರು. ಶುರುವಿನ ತಾರೀಖು, ಮುಗಿಯುವ ತಾರೀಖು, ಆಮೇಲೆ ಏನು ಎಂಬುದು ಅದರಲ್ಲಿತ್ತು. ಕೊನೆಯಿಲ್ಲದ ರಿಯಾಯಿತಿ ಕೇಳುತ್ತಿದ್ದಾರೆ ಎಂಬ ಭಯವೇ ಅವರನ್ನು ಕಿವುಡು ಮಾಡಿತ್ತು ಎಂದು ನನಗೆ ಆಗ ಹೊಳೆಯಿತು.

ಗಾಳಿಯ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು, ಮಷಿನ್ ಅನ್ನು ಎರಡು ಸಾಲು ಈಚೆ ಸರಿಸಿದರು. ಟೋಕನ್, ಓಟಿ ಎರಡಕ್ಕೂ ಒಪ್ಪಿದರು. ಆಪರೇಷನ್ ಬದಲಿಸುವುದು ಜಗ್ಗಾಟವಾಯಿತು. ಎ ಗ್ರೇಡ್ ಸಂಬಳ ಕೊಟ್ಟು ಬಿ ಗ್ರೇಡ್ ಕೆಲಸಕ್ಕೆ ಹಾಕಿದರೆ ಕಾಸ್ಟಿಂಗ್ ಏನಾಗಬೇಕು ಎಂದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದ ಹುಡುಗ ಕೇಳಿದ. ಆಗ 73ನೇ ಸೆಕ್ಷನ್‌ನ "ಕೆಳಗಿಳಿಸುವಂತಿಲ್ಲ" ಎಂಬ ಮಾತನ್ನು ಓದಿ ಹೇಳಿದೆ. ಕೊನೆಗೆ ಷರ್ಟಿನ ಬದಿ ಹೊಲಿಯುವ ಕೆಲಸ ಕೊಟ್ಟರು. ಉದ್ದ ಹೊಲಿಗೆ, ತುದಿ ಬೆರಳಿನ ಸೂಕ್ಷ್ಮ ಅಷ್ಟು ಬೇಡ.

ಅಟೆಂಡೆನ್ಸ್ ಬೋನಸ್ ಮಾತ್ರ ಆಗುವುದಿಲ್ಲ ಎಂದರು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಚೀಟಿ ತರುತ್ತಾರೆ ಎಂಬ ವಾದ. ಅದು ತಿಂಗಳಿಗೆ 500 ರೂಪಾಯಿ. ಅರ್ಧ ದಿನ ಕ್ಯೂನಲ್ಲಿ ನಿಂತರೆ 500 ಹೋಯಿತು. ಮುಂದಿನ ಎರಡೂ ಪರೀಕ್ಷೆಗೆ ಆಕೆ ಊರ ಹತ್ತಿರದ ಖಾಸಗಿ ಲ್ಯಾಬ್‌ನಲ್ಲಿ ಟೆಂಪೊ ಬರುವ ಮುಂಚೆ ರಕ್ತ ಕೊಟ್ಟು, ಕೈಯಿಂದ 300 ರೂಪಾಯಿ ತೆತ್ತರು. ಸಂಬಳದಿಂದ ಇಎಸ್‌ಐಗೆ ಮುರಿಸಿಕೊಂಡೂ, 500 ಉಳಿಸಲು 300 ಕಳೆದುಕೊಳ್ಳುವ ಈ ಲೆಕ್ಕ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಇದರಲ್ಲಿ ನಾನು ಸೋತೆ.

ಇನ್ನೊಂದು ತಪ್ಪು ನಾವೇ ಮಾಡಿದ್ದು. ಕಾಲರ್‌ಗೆ ಬದಲಿ ಯಾರು ಎಂದು ಯೋಚಿಸಿದೆವು, ಹೊಸ ಕೆಲಸದಲ್ಲಿ ಆಕೆಯ ಟಾರ್ಗೆಟ್ ಎಷ್ಟು ಎಂದು ಯೋಚಿಸಲಿಲ್ಲ. ಲೈನ್ ಎಂದರೆ ಸರಪಳಿ, ಒಬ್ಬರು ನಿಧಾನವಾದರೆ ಬಂಡಲ್ ರಾಶಿ ಬೀಳುತ್ತದೆ. ಆ ರಾಶಿಯನ್ನು ಅಕ್ಕಪಕ್ಕದ ಇಬ್ಬರು ಹೆಂಗಸರು ಎಳೆದುಕೊಂಡು ಹೊಲಿಯುತ್ತಿದ್ದರು. ಎರಡನೇ ವಾರ ಅವರಲ್ಲೊಬ್ಬರು ನನ್ನ ಹತ್ತಿರ ಬಂದು, "ಅವರಿಗೆ ಹುಷಾರಿಲ್ಲ ಅಂತ ನನ್ನ ಸೊಂಟ ಮುರೀಬೇಕಾ ಮೇಡಂ? ಏನಾಗದೆ ಅಂತಾನಾದ್ರೂ ಹೇಳಿ" ಎಂದು ಅತ್ತರು. ಹೇಳುವಂತಿರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಒಬ್ಬರಿಗೆ ಕೊಟ್ಟ ರಿಯಾಯಿತಿಯನ್ನು ಮ್ಯಾನೇಜ್‌ಮೆಂಟ್ ತನ್ನ ಟಾರ್ಗೆಟ್‌ನಿಂದ ಕಳೆಯಬೇಕೇ ಹೊರತು ಪಕ್ಕದ ಕಾರ್ಮಿಕರ ಮೈಯಿಂದಲ್ಲ. ಮೂರು ವಾರ ಬೆನ್ನು ಹತ್ತಿದ ಮೇಲೆ, ಗೈರಾದವರ ಜಾಗಕ್ಕೆ ಓಡಾಡುವ ಫ್ಲೋಟರ್ ಟೈಲರ್ ಒಬ್ಬರನ್ನು ದಿನಕ್ಕೆ ಮೂರು ಗಂಟೆ ಆ ಲೈನ್‌ಗೆ ಕೊಟ್ಟರು. ಅದು ಮೊದಲ ದಿನವೇ ಅರ್ಜಿಯಲ್ಲಿ ಇರಬೇಕಿತ್ತು.

ಆಗಸ್ಟ್ ಕೊನೆಯಲ್ಲಿ ಸ್ವೆಟರ್ ಹೋಯಿತು. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 11. ಡಾಕ್ಟರ್ 75 ಮೈಕ್ರೋಗ್ರಾಂಗೆ ಏರಿಸಿದರು, ಹಳೆಯ ಏರ್ಪಾಟು ಇನ್ನೆಂಟು ವಾರ ಮುಂದುವರಿಯಿತು, ಈ ಸಲ ಚರ್ಚೆ ಐದು ನಿಮಿಷ. ನವೆಂಬರ್‌ನಲ್ಲಿ 3.6. ಅದೇ ವಾರ ಆಕೆ ಮತ್ತೆ ಕಾಲರ್‌ಗೆ ಕೂತರು. ಮೊದಲ ದಿನ 51, ಹದಿನೈದು ದಿನದಲ್ಲಿ 58. ನಡುಬೆರಳಿನ ತುದಿಯಲ್ಲಿ ಜೋಮು ಅಲ್ಪಸ್ವಲ್ಪ ಉಳಿದಿತ್ತು, ರಾತ್ರಿ ಎದ್ದು ಕೈ ಒದರುವುದು ನಿಂತಿತ್ತು. ದನಿ ತಿಳಿಯಾದದ್ದನ್ನು ಮೊದಲು ಗುರುತಿಸಿದ್ದು ಟೆಂಪೊದವರಂತೆ. ಮಗಳ ಸಂಬಂಧ ಗೊತ್ತಾದ ಮೇಲೆ, ಪಕ್ಕದ ಮಷಿನ್‌ನ ಆ ಹೆಂಗಸಿಗೆ ಆಕೆಯೇ ಎಲ್ಲ ಹೇಳಿಕೊಂಡರು. ಮಾರನೇ ದಿನ ಅವರು ಸಿಕ್ ರೂಮ್‌ಗೆ ಬಂದು ತಮ್ಮ ಕತ್ತನ್ನೂ ನೋಡಿ ಎಂದು ಸಿಸ್ಟರ್ ಮುಂದೆ ಕೂತರು.

ಏಪ್ರಿಲ್ ತಿಂಗಳ ಮೆಮೊವನ್ನು ಫೈಲ್‌ನಿಂದ ತೆಗೆಯಿರಿ ಎಂದು ಎಚ್‌ಆರ್‌ಗೆ ಎರಡು ಸಲ ಬರೆದೆ. ಒಮ್ಮೆ ಫೈಲ್‌ಗೆ ಸೇರಿದ ಕಾಗದ ತೆಗೆಯುವುದಿಲ್ಲ ಎಂದರು. ಡಿಸೆಂಬರ್‌ನಲ್ಲಿ ನಾನು ಆ ಫೈಲ್ ತರಿಸಿಕೊಂಡು, ಜುಲೈ ತಿಂಗಳ ಅರ್ಜಿಯ ಪ್ರತಿಯನ್ನು ಮೆಮೊದ ಹಿಂದೆ ಪಿನ್ ಮಾಡಿ, ನನ್ನ ಸಾಕ್ಷಿ ಸಹಿಯ ಕೆಳಗೆ ಬರೆದೆ: "ಸಹಿ ಮಾಡುವ ಮುನ್ನ ಕಾರ್ಮಿಕರನ್ನು ವಿಚಾರಿಸಿರಲಿಲ್ಲ. ಈ ಅವಧಿಯಲ್ಲಿ ಅವರಿಗೆ ಕಾಯಿಲೆ ಇತ್ತು." ತಾರೀಖು ಹಾಕಿ ಮತ್ತೊಮ್ಮೆ ಸಹಿ ಮಾಡಿದೆ.